ಕೀಲಿ ಹಾಕಿ ಬಂದ ಮನೆ

2024ರ ಏಪ್ರಿಲ್ 28, ಭಾನುವಾರ. ಹೆಣ್ಣೂರು ದಾಟಿ ಬಾಗಲೂರಿನ ಕಡೆ ಹೋಗುವ ರಸ್ತೆಯಲ್ಲಿ, ಅರ್ಧ ಎದ್ದಿದ್ದ ಒಂದು ಅಪಾರ್ಟ್‌ಮೆಂಟಿನ ಹಿಂಬದಿಗೆ ಮೂವತ್ತೋ ನಲವತ್ತೋ ತಗಡಿನ ಶೆಡ್ಡುಗಳಿದ್ದವು. ಮಧ್ಯಾಹ್ನ ಎರಡು ಗಂಟೆ. ವಾರದ ರಜೆ, ಜನ ಶೆಡ್ಡಿನಲ್ಲೇ ಸಿಗುತ್ತಾರೆ ಎಂದು ಲೆಕ್ಕ ಹಾಕಿ ಹೋಗಿದ್ದೆ. ಅಲ್ಲಿ ಯಾರೂ ಇರಲಿಲ್ಲ. ಗೋಡೆ ಏಳದ ಎರಡನೇ ಮಹಡಿಯ ಸಿಮೆಂಟ್ ನೆಲದ ಮೇಲೆ ಚಾಪೆ ಹಾಸಿಕೊಂಡು ಎಲ್ಲರೂ ಮಲಗಿದ್ದರು. ಆ ಹೊತ್ತಿನಲ್ಲಿ ತಗಡಿನ ಕೆಳಗೆ ಇರುವುದು ಆಗದ ಮಾತು.

ಒಂದು ಶೆಡ್ಡಿನ ಹತ್ತಿರ ಮಾತ್ರ ಒಬ್ಬ ಹೆಂಗಸು ನಿಂತಿದ್ದರು. ಐವತ್ತರ ಆಸುಪಾಸು. ತಗಡಿನ ಮೇಲೆ ನಾಲ್ಕು ಗೋಣಿಚೀಲ ಹಾಸಿ, ಪ್ಲಾಸ್ಟಿಕ್ ಚೆಂಬಿನಿಂದ ನೀರು ಚಿಮುಕಿಸುತ್ತಿದ್ದರು. ಚೀಲ ಒಣಗುತ್ತಿದ್ದಂತೆ ಇನ್ನೊಂದು ಚೆಂಬು. ಒಳಗೆ ಅವರ ಸೊಸೆ, ಹನ್ನೊಂದು ದಿನದ ಬಾಣಂತಿ. ಬಾಣಂತಿಗೆ ಗಾಳಿ ತಾಕಬಾರದು, ಕೂಸಿಗೆ ಸಿಮೆಂಟಿನ ದೂಳು ಆಗಿಬರುವುದಿಲ್ಲ. ಹಾಗಾಗಿ ಅವರಿಬ್ಬರೂ ಕೆಳಗೇ ಇದ್ದರು. ಬಾಗಿಲಿಗೆ ಒದ್ದೆ ಸೀರೆ ಇಳಿಬಿಟ್ಟಿತ್ತು. ನಾನು ಬಗ್ಗಿ ಒಳಗೆ ಹೋದೆ. ಎರಡು ನಿಮಿಷಕ್ಕೆ ಕಿವಿಯ ಹಿಂದಿನಿಂದ ಬೆವರು ಇಳಿಯಿತು. ಕೂಸು ಅಳುತ್ತಿರಲಿಲ್ಲ. ಬಾಯಿ ಸ್ವಲ್ಪ ತೆರೆದುಕೊಂಡು ಮಲಗಿತ್ತು. ಅದರ ಹಣೆಯ ಮೇಲಿದ್ದ ಕಾಡಿಗೆಯ ಬೊಟ್ಟು ಕರಗಿ ಹುಬ್ಬಿನವರೆಗೆ ಹರಿದಿತ್ತು.

"ಇದು ಕುಡಿಯೋ ನೀರಾ ಅಕ್ಕ?" ಎಂದು ಡ್ರಮ್ಮು ತೋರಿಸಿ ಕೇಳಿದೆ.

"ಹೌದ್ರಿ. ನಾಳಿ ತನಕ ಇಷ್ಟ. ಏನ್ ಮಾಡೂದ್ರಿ, ಕೂಸು ತಡಕೋಬೇಕಲ್ರಿ" ಎಂದರು.

ಆ ದಿನ ಬೆಂಗಳೂರಿನಲ್ಲಿ ದಾಖಲಾದ ಗರಿಷ್ಠ ಉಷ್ಣಾಂಶ 38.5 ಡಿಗ್ರಿ. ಸಂಜೆ ನಮ್ಮ ಪತ್ರಿಕೆಯಲ್ಲಿ ಅದೇ ದೊಡ್ಡ ಸುದ್ದಿ. 2016ರ ಏಪ್ರಿಲ್‌ನ 39.2 ಡಿಗ್ರಿಗೆ ಎಷ್ಟು ಹತ್ತಿರ ಬಂದಿದ್ದೇವೆ, ಮುಂದಿನ ವಾರ ಮಳೆ ಉಂಟೋ ಇಲ್ಲವೋ ಎಂಬ ಚರ್ಚೆ. ಉಷ್ಣಾಂಶ ಅಳೆಯುವ ಮಾಪಕ ಇರುವುದು ಗಾಳಿಯಾಡುವ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆಯೊಳಗೆ, ನೆರಳಿನಲ್ಲಿ. ಗಾಳಿಯ ಬಿಸಿಯನ್ನು ಸರಿಯಾಗಿ ಅಳೆಯಬೇಕಾದರೆ ಹಾಗೇ ಅಳೆಯಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಆ ಕೂಸು ಮಲಗಿದ್ದ ಜಾಗದ ಬಿಸಿ ಯಾವ ದಾಖಲೆಯಲ್ಲೂ ಇಲ್ಲ. ಬಯಲು ಪ್ರದೇಶದಲ್ಲಿ ಕನಿಷ್ಠ 40 ಡಿಗ್ರಿ ಮುಟ್ಟದೆ ಹವಾಮಾನ ಇಲಾಖೆ ಬಿಸಿಗಾಳಿ ಎಂದು ಘೋಷಿಸುವುದಿಲ್ಲ. ಲೆಕ್ಕದ ಪ್ರಕಾರ ಆ ಭಾನುವಾರ ಬೆಂಗಳೂರಿನಲ್ಲಿ ಬಿಸಿಗಾಳಿಯೇ ಇರಲಿಲ್ಲ.

ಹದಿನೆಂಟು ವರ್ಷ ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತವಳು ನಾನು. ಅದರಲ್ಲಿ ಬಹುಪಾಲು ವಿದೇಶ ಪುಟ. ರಾತ್ರಿ ಎಂಟರಿಂದ ಹತ್ತೂವರೆಯೊಳಗೆ ಏಜೆನ್ಸಿ ಕಾಪಿ ಬರುತ್ತದೆ, ಅದನ್ನು ಕನ್ನಡಕ್ಕೆ ತಂದು, ಜಾಗಕ್ಕೆ ಹೊಂದಿಸಿ ಕಳಿಸಬೇಕು. ಮೊದಮೊದಲು ಹವಾಮಾನ ವಿಪತ್ತಿನ ಸುದ್ದಿಗಳು ವರ್ಷಕ್ಕೆ ನಾಲ್ಕೈದು ಇರುತ್ತಿದ್ದವು. ಆಮೇಲೆ ವಾರಕ್ಕೊಂದು. ಈಗ ಯಾವ ದಿನ ಇಲ್ಲ ಹೇಳಿ. ಮೊಜಾಂಬಿಕ್‌ನ ಬೈರಾ ಪಟ್ಟಣವನ್ನು 2019ರ ಮಾರ್ಚ್‌ನಲ್ಲಿ ಇದಾಯ್ ಚಂಡಮಾರುತ ಹೊಡೆದಾಗ ಅದಕ್ಕೆ ಸಿಕ್ಕಿದ್ದು ಸಿಂಗಲ್ ಕಾಲಂ. ಸತ್ತವರ ಸಂಖ್ಯೆ ನೂರು ದಾಟಿದಾಗ ಎರಡು ಕಾಲಂ ಆಯಿತು. ಸಾವಿರ ದಾಟುವಷ್ಟರಲ್ಲಿ ಓದುಗರಿಗೆ ಅದು ಹಳೆಯ ಸುದ್ದಿಯಾಗಿತ್ತು. ಪುಟದ ಅಳತೆಗೆ ತಕ್ಕಂತೆ ದುಃಖ ಕತ್ತರಿಸುವ ಕೆಲಸವನ್ನು ಇಷ್ಟು ವರ್ಷ ಮಾಡಿದ್ದೇನೆ. ಯಾವುದನ್ನು ಕತ್ತರಿಸಿದೆ ಎಂಬುದು ಕೆಲವೊಮ್ಮೆ ಈಗ ರಾತ್ರಿ ನೆನಪಾಗುತ್ತದೆ.

ಒಂದು ಚೆನ್ನಾಗಿ ನೆನಪಿದೆ. 2022ರ ಪಾಕಿಸ್ತಾನದ ನೆರೆ. 3.3 ಕೋಟಿ ಜನ ಸಂತ್ರಸ್ತರು ಎಂದು ಕಾಪಿ ಬಂತು. ನಾನು ಪಕ್ಕದಲ್ಲಿ ಒಂದು ವಾಕ್ಯ ಸೇರಿಸಿದೆ, ಅಂದರೆ ಕರ್ನಾಟಕದ ಅರ್ಧಕ್ಕರ್ಧ ಜನ ಒಂದೇ ಮಳೆಗಾಲದಲ್ಲಿ ನೀರಿಗೆ ಸಿಕ್ಕ ಹಾಗೆ ಎಂದು. ಸತ್ತವರು ಕೊನೆಗೆ 1,700 ದಾಟಿದರು. ಸಿಂಧ್ ಪ್ರಾಂತ್ಯದ ಮಂಚರ್ ಕೆರೆ ತುಂಬಿ, ದೊಡ್ಡ ಪಟ್ಟಣಗಳನ್ನು ಉಳಿಸಲು ಅಧಿಕಾರಿಗಳೇ ಅದರ ಏರಿ ಕಡಿದು ಹಳ್ಳಿಗಳ ಕಡೆಗೆ ನೀರು ಬಿಟ್ಟರು. ಅದೂ ಬಂತು ಪುಟದಲ್ಲಿ. ಕಾಪಿಯ ಕೊನೆಯಲ್ಲಿ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ ಒಂದು ಸಾಲಿತ್ತು: ನೆರೆ ಬಂದ ಪ್ರದೇಶದಲ್ಲಿ ಕನಿಷ್ಠ 6.5 ಲಕ್ಷ ಗರ್ಭಿಣಿಯರಿದ್ದಾರೆ, ಅವರಲ್ಲಿ 73,000 ಮಂದಿಗೆ ಮುಂದಿನ ತಿಂಗಳೇ ಹೆರಿಗೆ. ಕೆಳಗಡೆ ಜಾಹೀರಾತು ಬಂದು ಹದಿನೈದು ಸಾಲು ಕಡಿಮೆ ಮಾಡಬೇಕಾಯಿತು. ಕೊನೆಯಿಂದ ಕತ್ತರಿಸುವುದು ಡೆಸ್ಕಿನ ಪದ್ಧತಿ. ಆ ಸಾಲು ಹೋಯಿತು.

ಹೆಣ್ಣೂರಿನ ಶೆಡ್ಡಿನಲ್ಲಿ ಕೂತಾಗ ಅದು ನೆನಪಾಯಿತು. ರಸ್ತೆ ಇಲ್ಲ, ಆಸ್ಪತ್ರೆಯಲ್ಲಿ ನೀರು, ಸೂಲಗಿತ್ತಿ ಎಲ್ಲಿದ್ದಾಳೋ ಗೊತ್ತಿಲ್ಲ, ಏರಿಯ ಮೇಲೆ ಟಾರ್ಪಾಲಿನ ಕೆಳಗೆ ಹೆರಿಗೆ. ಆ 73,000 ಹೆಂಗಸರಲ್ಲಿ ಒಬ್ಬಳ ಅತ್ತೆಯೂ ಹೀಗೇ ಯಾವುದೋ ಚೆಂಬು ಹಿಡಿದು ನಿಂತಿದ್ದಿರಬೇಕು. ಜಗತ್ತನ್ನು ಬಿಸಿ ಮಾಡುವ ಹೊಗೆಯಲ್ಲಿ ಪಾಕಿಸ್ತಾನದ ಪಾಲು ಶೇ 1ಕ್ಕಿಂತ ಕಡಿಮೆ ಎಂದು ನಾನು ದಪ್ಪಕ್ಷರದಲ್ಲಿ ಹಾಕಿದ್ದೆ. ಹಾಕಲೇಬೇಕಿತ್ತು. ಆದರೆ ಆ ಅತ್ತೆಗೂ ಒಂದು ಸಾಲು ಜಾಗ ಕೊಡಬೇಕಿತ್ತು.

ಆ ಮಧ್ಯಾಹ್ನ ನಾನು ಕೇಳಿದ ಮೊದಲ ಪ್ರಶ್ನೆ ಸರಿಯಿರಲಿಲ್ಲ. "ನಿಮ್ಮ ಊರಲ್ಲಿ ಹವಾಮಾನ ಬದಲಾವಣೆಯಿಂದ ಏನೇನು ತೊಂದರೆ ಆಗಿದೆ?" ಎಂದು ಕೇಳಿದೆ. ವರದಿಗೆ ಹೋಗುವ ಮುಂಚೆಯೇ ಉತ್ತರ ಬರೆದಿಟ್ಟುಕೊಂಡು ಕೇಳುವ ಪ್ರಶ್ನೆ ಅದು. ಆ ಅಕ್ಕ ನನ್ನ ಮುಖವನ್ನೇ ನೋಡಿದರು. "ಹಂಗಂದ್ರ ಏನ್ರಿ?" ಎಂದರು. ಆಗ "ಊರು ಯಾಕೆ ಬಿಟ್ಟು ಬಂದ್ರಿ ಅಕ್ಕ?" ಎಂದೆ. ಮುಂದಿನ ಒಂದು ಗಂಟೆ ಅವರೇ ಮಾತಾಡಿದರು. ನಡುನಡುವೆ ಎದ್ದು ಹೋಗಿ ಚೀಲಕ್ಕೆ ನೀರು ಚಿಮುಕಿಸಿ ಬರುತ್ತಿದ್ದರು.

ಅವರದು ಯಾದಗಿರಿ ಜಿಲ್ಲೆ, ಭೀಮಾ ತೀರದ ಹಳ್ಳಿ. ನಾಲ್ಕೆಕರೆ ಹೊಲ. 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕವನ್ನೆಲ್ಲ ಮುಳುಗಿಸಿದ ಮಳೆಯನ್ನು ಅವರು "ಹೊಳಿ ಬಂದ ವರ್ಷ" ಎನ್ನುತ್ತಾರೆ. ಅವತ್ತು ಮಣ್ಣಿನ ಮನೆ ಬಿತ್ತು. ಆಮೇಲೆ ಎತ್ತರದ ಜಾಗದಲ್ಲಿ ಸರ್ಕಾರದ ಆಸರೆ ಯೋಜನೆಯ ಮನೆ ಸಿಕ್ಕಿತು. ಸಣ್ಣದು, ದನ ಕಟ್ಟಲು ಜಾಗವಿಲ್ಲ, ಹೊಲ ದೂರ. ಆದರೂ ಸೇರಿಕೊಂಡರು. ಆಮೇಲೆ ಎರಡು ಬರ ಒಂದರ ಹಿಂದೊಂದು. 2020ರ ಅಕ್ಟೋಬರಿನಲ್ಲಿ ಮತ್ತೆ ಹೊಳೆ. ಮೇಲೆ ಮಳೆ, ಜೊತೆಗೆ ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಬಿಟ್ಟ ನೀರು. ಕಾಯಿ ಕಟ್ಟಬೇಕಿದ್ದ ತೊಗರಿ ಎದೆಯುದ್ದ ನೀರಲ್ಲಿ ನಿಂತು ಕೊಳೆಯಿತು. ಮುಂದೆ ಒಂದು ವರ್ಷ ನೆಟೆ ರೋಗ, ಹಸಿರಾಗಿದ್ದ ಗಿಡ ನಿಂತಲ್ಲೇ ಒಣಗಿತು. ಇದರ ನಡುವೆ ಮಗಳ ಮದುವೆ, ಅದರ ಸಾಲ. ಗಂಡನ ಬೆನ್ನುನೋವು. ಆಮೇಲೆ 2023, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ ವರ್ಷ.

"ಮಗ್ಗಿ ಮಳಿ ಸುದ್ದಾ ಕೈ ಕೊಡ್ತ್ರಿ" ಎಂದರು. ಆ ಮಾತು ನನಗೆ ನಾಟಿತು. ನಮ್ಮದು ಶಿರಾ ಕಡೆ, ಕಡ್ಲೇಕಾಯಿ ಸೀಮೆ. ನಮ್ಮಮ್ಮ "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು" ಎನ್ನುತ್ತಿದ್ದಳು. ಎಷ್ಟು ಸುರಿದರೂ ಬೇಡವೆನಿಸದ ಮಳೆ ಅದು. ಆ ಮಳೆ ಕೈಕೊಟ್ಟಿತು ಎಂದರೆ ಒಕ್ಕಲಿನವರಿಗೆ ಮುಂದೆ ವಿವರಿಸುವುದು ಬೇಕಿಲ್ಲ. ಹವಾಮಾನ ಬದಲಾವಣೆ ಎಂಬ ಮಾತು ಆ ಅಕ್ಕನಿಗೆ ತಿಳಿಯಲಿಲ್ಲ ಎಂದು ನಾನು ಒಂದು ಕ್ಷಣ ಅಂದುಕೊಂಡಿದ್ದೆ. ಅಶ್ವಿನಿಯಿಂದ ಸ್ವಾತಿಯವರೆಗೆ ಯಾವ ಮಳೆ ಯಾವ ವರ್ಷ ತಪ್ಪಿತು, ಯಾವುದು ಹದ ಮೀರಿ ಸುರಿಯಿತು ಎಂಬುದನ್ನು ಅವರು ಹದಿನೈದು ವರ್ಷದ ಲೆಕ್ಕದಲ್ಲಿ ಬಾಯಲ್ಲೇ ಹೇಳಿದರು. ನನ್ನ ನೋಟ್ ಪುಸ್ತಕದಲ್ಲಿ ಅದು ಎರಡೂವರೆ ಪುಟ.

ಅವರ ಈ ಕತೆಯಲ್ಲಿ ಎಷ್ಟು ಪಾಲು ಹವಾಮಾನದ್ದು? ಇದು ಈ ವರದಿಗಾರಿಕೆಯ ಕಷ್ಟದ ಪ್ರಶ್ನೆ, ನಾನು ಇದರ ಜೊತೆ ಬಹಳ ಗುದ್ದಾಡಿದ್ದೇನೆ. ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ಎಂಬ ವಿಜ್ಞಾನಿಗಳ ತಂಡವೊಂದಿದೆ. ಒಂದು ದೊಡ್ಡ ಮಳೆಯೋ ಬಿಸಿಗಾಳಿಯೋ ಬಂದ ಕೆಲವೇ ದಿನಗಳಲ್ಲಿ ಅವರು ಲೆಕ್ಕಕ್ಕೆ ಕೂರುತ್ತಾರೆ. ಭೂಮಿ ಈಗಿನಷ್ಟು ಕಾಯದೆ ಇದ್ದಿದ್ದರೆ ಇಂಥದ್ದು ಬರುವ ಸಂಭವ ಎಷ್ಟಿತ್ತು, ಬಂದಿದ್ದರೂ ಇಷ್ಟು ಜೋರಾಗಿ ಬರುತ್ತಿತ್ತೇ ಎಂದು ಕಂಪ್ಯೂಟರ್ ಮಾದರಿಗಳಲ್ಲಿ ಎರಡು ಜಗತ್ತುಗಳನ್ನು ಹೋಲಿಸುತ್ತಾರೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಕುಸಿದು 200ಕ್ಕೂ ಹೆಚ್ಚು ಜನ ಸತ್ತಾಗ, ಆ ದಿನದ ಮಳೆ ಹವಾಮಾನ ಬದಲಾವಣೆಯಿಂದಾಗಿ ಸುಮಾರು ಶೇ 10ರಷ್ಟು ಹೆಚ್ಚಿತ್ತು ಎಂದು ಅವರು ಹೇಳಿದರು. ಶೇ 10 ಅಷ್ಟೇನಾ ಎಂದು ಡೆಸ್ಕಿನಲ್ಲಿ ಒಬ್ಬರು ಕೇಳಿದರು. ತುಂಬಿದ ಕೊಡಕ್ಕೆ ಇನ್ನೊಂದು ಲೋಟ ಹೊಯ್ದರೆ ಹೊರಗೆ ಚೆಲ್ಲುವುದು ಆ ಲೋಟದಷ್ಟೇ ಇರಬಹುದು. ಗುಡ್ಡದ ಮಣ್ಣು ಹಾಗಲ್ಲ. ನೀರು ಕುಡಿದು ಕುಡಿದು ಹಿಡಿತ ಬಿಡುವ ಹಂತಕ್ಕೆ ಬಂದಿದ್ದರೆ, ಆಮೇಲೆ ಬಿದ್ದ ಸ್ವಲ್ಪ ಮಳೆಗೇ ಇಡೀ ಗುಡ್ಡ ಬರುತ್ತದೆ.

ಇನ್ನೊಂದು ಬದಿಯೂ ಇದೆ, ಅದನ್ನು ಮುಚ್ಚಿಡಬಾರದು. ಲಿಬಿಯಾದ ಡರ್ನಾ ಊರಿನಲ್ಲಿ 2023ರ ಸೆಪ್ಟೆಂಬರ್ 10ರ ರಾತ್ರಿ ಡೇನಿಯಲ್ ಚಂಡಮಾರುತದ ಮಳೆಗೆ ಎರಡು ಅಣೆಕಟ್ಟು ಒಡೆದವು. ಸಾವಿರಾರು ಜನ ಮಲಗಿದ್ದಲ್ಲೇ ಸಮುದ್ರ ಸೇರಿದರು. ಅಂಥ ಮಳೆಯ ಸಂಭವ ಹವಾಮಾನ ಬದಲಾವಣೆಯಿಂದ 50 ಪಟ್ಟಿನವರೆಗೂ ಹೆಚ್ಚಿದೆ ಎಂದು ಅದೇ ತಂಡ ಹೇಳಿತು. ಆದರೆ ಆ ಅಣೆಕಟ್ಟುಗಳು 1970ರ ದಶಕದವು, ವರ್ಷಗಟ್ಟಲೆ ದುರಸ್ತಿ ಕಂಡಿರಲಿಲ್ಲ. ನಡುವೆ ಅಂತರ್ಯುದ್ಧ. ಹಳ್ಳದ ಪಾತ್ರದಲ್ಲೇ ಮನೆಗಳು. ತಂಡ ಅದನ್ನೂ ಹೇಳಿತು. ನಾವು ಬೆಂಗಳೂರಿನವರಿಗೆ ಇದು ಅರ್ಥವಾಗದ ಸಂಗತಿಯಲ್ಲ. 2022ರ ಸೆಪ್ಟೆಂಬರ್ 4ರ ರಾತ್ರಿ ಇಲ್ಲಿ ಒಂದೇ ದಿನಕ್ಕೆ 131.6 ಮಿಲಿಮೀಟರ್ ಮಳೆ ಬಿತ್ತು. ಮಳೆ ದೊಡ್ಡದೇ. ಆದರೆ ಯಮಲೂರು, ಬೆಳ್ಳಂದೂರುಗಳಲ್ಲಿ ಟ್ರ್ಯಾಕ್ಟರು, ದೋಣಿ ಓಡಿದ್ದು ರಾಜಕಾಲುವೆಗಳನ್ನು ನಾವು ಏನು ಮಾಡಿಟ್ಟಿದ್ದೇವೆ ಎಂಬುದರಿಂದಲೂ ಹೌದು. ಎಲ್ಲ ಹೊಣೆಯನ್ನೂ ಆಕಾಶದ ಮೇಲೆ ಹಾಕಿ ಕೈತೊಳೆದುಕೊಳ್ಳುವ ಅಧಿಕಾರಿಗೆ ಹವಾಮಾನ ಬದಲಾವಣೆ ಒಳ್ಳೆಯ ನೆಪವಾಗಿ ಸಿಗುತ್ತಿದೆ. ವರದಿ ಬರೆಯುವವರು ಆ ನೆಪಕ್ಕೆ ಸಾಕ್ಷಿ ಹಾಕಬಾರದು. ಹೊಗೆ ಉಗುಳಿದವರ ಹೊಣೆಯನ್ನೂ ಬಿಡಬಾರದು, ಕಾಲುವೆ ಮುಚ್ಚಿದವರ ಹೊಣೆಯನ್ನೂ ಬಿಡಬಾರದು. ಒಂದೇ ವರದಿಯಲ್ಲಿ ಎರಡನ್ನೂ ಹೇಳುವುದಕ್ಕೆ ಜಾಗ ಸಾಲದಿದ್ದರೆ ಜಾಗ ಹೆಚ್ಚು ಕೇಳಿ ಪಡೆಯಬೇಕು.

ಆ ಅಕ್ಕನ ಮಗಳ ಮದುವೆಯ ಸಾಲವನ್ನು ಬಿಟ್ಟು ಬರೆದರೆ ವರದಿ ಚೊಕ್ಕವಾಗಿರುತ್ತದೆ. ಆದರೆ ಮದುವೆಗೆ ಸಾಲ ಮಾಡಿದ್ದು ತೊಗರಿ ಬಂದಾಗ ತೀರಿಸುತ್ತೇನೆ ಎಂದು. ತೊಗರಿ ಬರಲಿಲ್ಲ. ಇವೆರಡನ್ನೂ ಬಿಡಿಸಿ ಬೇರೆ ಬೇರೆ ಮಾಡಲು ಬರುವುದಿಲ್ಲ.

ಬಿಸಿಲಿನ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ನೆರೆಗೆ ಫೋಟೊ ಇದೆ, ಬಿಸಿಲಿಗೆ ಇಲ್ಲ. ಬಿಸಿಲಿನಲ್ಲಿ ಸತ್ತವರು ಮನೆಯೊಳಗೆ, ಒಬ್ಬೊಬ್ಬರಾಗಿ, ಮುದುಕರು, ಕಾಯಿಲೆಯವರು, ಸದ್ದಿಲ್ಲದೆ ಹೋಗುತ್ತಾರೆ. ಕಾಗದದ ಮೇಲೆ ಹೃದಯಾಘಾತ ಎಂದಿರುತ್ತದೆ. ಮಾಲಿ ದೇಶದ ರಾಜಧಾನಿ ಬಮಾಕೋದಲ್ಲಿ ಗೇಬ್ರಿಯಲ್ ಟೂರೆ ಎಂಬ ದೊಡ್ಡ ಆಸ್ಪತ್ರೆಯಿದೆ. 2024ರ ಏಪ್ರಿಲ್ ಮೊದಲ ನಾಲ್ಕು ದಿನಗಳಲ್ಲಿ ಅಲ್ಲಿ 102 ಸಾವುಗಳಾದವು. ಹಿಂದಿನ ವರ್ಷ ಇಡೀ ಏಪ್ರಿಲ್ ತಿಂಗಳಿಗೆ 130. ದೇಶದ ಕಾಯೆಸ್ ಊರಿನಲ್ಲಿ 48.5 ಡಿಗ್ರಿ ಮುಟ್ಟಿತ್ತು, ಕರೆಂಟು ಇರುತ್ತಿರಲಿಲ್ಲ, ರಂಜಾನ್ ಉಪವಾಸದ ದಿನಗಳು ಬೇರೆ. ಒಂದು ಆಸ್ಪತ್ರೆಯವರು ಲೆಕ್ಕ ಇಟ್ಟು ಹೇಳಿದ್ದರಿಂದ ಇಷ್ಟು ಗೊತ್ತಾಯಿತು. ಅಕ್ಕಪಕ್ಕದ ಊರುಗಳದ್ದು?

ಜಗತ್ತಿನ ವಿಪತ್ತುಗಳನ್ನು ದಾಖಲಿಸುವ ಈಎಂ-ಡ್ಯಾಟ್ ಎಂಬ ದತ್ತಾಂಶ ಸಂಗ್ರಹವಿದೆ. ಲ್ಯೂಕ್ ಹ್ಯಾರಿಂಗ್ಟನ್ ಮತ್ತು ಫ್ರೀಡರಿಕೆ ಒಟ್ಟೊ ಎಂಬ ವಿಜ್ಞಾನಿಗಳು 2020ರಲ್ಲಿ ಅದನ್ನು ತೆಗೆದು ನೋಡಿದರು. ಯುರೋಪಿನಲ್ಲಿ ನಲವತ್ತು ವರ್ಷಗಳಲ್ಲಿ 83 ಬಿಸಿಗಾಳಿ, 1.4 ಲಕ್ಷಕ್ಕೂ ಹೆಚ್ಚು ಸಾವು. ಸಹರಾದ ಕೆಳಗಿನ ಇಡೀ ಆಫ್ರಿಕಾದಲ್ಲಿ 1900ರಿಂದ ಈಚೆಗೆ ದಾಖಲಾದ ಬಿಸಿಗಾಳಿ ಎರಡು, ಸಾವು 71. ಆಫ್ರಿಕಾದಲ್ಲಿ ಬಿಸಿಲಿಗೆ ಜನ ಸಾಯುವುದಿಲ್ಲ ಎಂದೇ? ಬರೆದಿಡುವವರು ಇಲ್ಲ, ಅಷ್ಟೇ. ನಮ್ಮಲ್ಲೂ ಒಂದು ಉದಾಹರಣೆಯಿದೆ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿದ್ದವು. ಆಗಿನ ದಿನಗಳಲ್ಲಿ ಅದು ಕಣ್ಣಿಗೆ ಬೀಳಲಿಲ್ಲ, ಆಮೇಲೆ ಸಾವಿನ ದಾಖಲೆಗಳನ್ನು ಹಿಂದಿನ ವರ್ಷಗಳ ಜೊತೆ ಇಟ್ಟು ನೋಡಿದಾಗ ಕಂಡಿತು. ಕಂಡ ಮೇಲೆ 2013ರಲ್ಲಿ ಆ ನಗರ ಬಿಸಿಲಿಗೆ ಎಂದೇ ಒಂದು ಕಾರ್ಯಯೋಜನೆ ಮಾಡಿಕೊಂಡಿತು. ಎಣಿಸಿದ್ದರಿಂದ ಆದ ಕೆಲಸ ಅದು. ಹಾಗಾಗಿ ನಾನು ಅಂಕಿಗಳ ವಿರುದ್ಧ ಮಾತಾಡುತ್ತಿಲ್ಲ. ಇನ್ನೂ ಹೆಚ್ಚು ಎಣಿಸಿ, ಇನ್ನೂ ಹತ್ತಿರ ಹೋಗಿ ಎಣಿಸಿ ಎನ್ನುತ್ತಿದ್ದೇನೆ.

ಆ ಶೆಡ್ಡುಗಳ ವಿಷಯಕ್ಕೇ ನೋಡಿ. 2024ರ ಮಾರ್ಚಿನಲ್ಲಿ ಬೆಂಗಳೂರಿನ ನೀರಿನ ಬವಣೆ ದೇಶವಿದೇಶದ ಸುದ್ದಿಯಾಯಿತು. ಸರ್ಕಾರದ ಸುಮಾರು 14,000 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಲೆಕ್ಕ ಕೊಟ್ಟರು. ಅಪಾರ್ಟ್‌ಮೆಂಟುಗಳ ವಾಟ್ಸ್‌ಆ್ಯಪ್ ಗುಂಪುಗಳಿಂದ ನಮಗೆ ದಿನವೂ ವಿಡಿಯೊ ಬರುತ್ತಿತ್ತು. ಕುಡಿಯುವ ನೀರನ್ನು ಕಟ್ಟಡ ಕೆಲಸಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಮಾಡಿತು. ಸರಿಯಾದ ಆದೇಶವೇ. ಆದರೆ ಆ ಸೈಟಿನಲ್ಲಿ ಸಂಸ್ಕರಿಸಿದ ನೀರಿನ ವ್ಯವಸ್ಥೆ ಆಗುವವರೆಗೆ ಹನ್ನೆರಡು ದಿನ ಕೆಲಸ ನಿಂತಿತು, ಕೂಲಿಯೂ ನಿಂತಿತು. ಆ ಹನ್ನೆರಡು ದಿನ ತುಂಬು ಗರ್ಭಿಣಿ ಸೊಸೆಗೆ ಏನು ತಿನ್ನಿಸಿದಿರಿ ಎಂದು ಕೇಳಬೇಕೆನಿಸಿತು, ಬಾಯಿ ಬರಲಿಲ್ಲ. ನೂರು ಕಿಲೋಮೀಟರ್ ಆಚೆಯಿಂದ ಪಂಪ್ ಮಾಡಿ ತರುವ ಕಾವೇರಿಯ ಬಗ್ಗೆ ನಾವು ಬರೆದ ನೂರಾರು ವರದಿಗಳಲ್ಲಿ ಶೆಡ್ಡಿನ ಜನ ಎಷ್ಟು ಸಲ ಬಂದರು ಎಂದು ಆಮೇಲೆ ಹಳೇ ಪುಟಗಳನ್ನು ತಿರುವಿದೆ. ಎರಡು ಸಲ.

ಡೆಸ್ಕಿನಲ್ಲಿ ಒಮ್ಮೆ ಒಂದು ಪದಕ್ಕೆ ಬಹಳ ಹೊತ್ತು ಚರ್ಚೆಯಾಗಿತ್ತು. ಹವಾಮಾನದ ಕಾರಣಕ್ಕೆ ನೆಲೆ ಬಿಟ್ಟವರಿಗೆ ಕನ್ನಡದಲ್ಲಿ ಏನೆನ್ನುವುದು? ಹವಾಮಾನ ನಿರಾಶ್ರಿತರು ಎಂದು ಹಾಕಿದೆವು. ಪೆಸಿಫಿಕ್ ಸಾಗರದ ಕಿರಿಬಾಸ್ ದ್ವೀಪರಾಷ್ಟ್ರದ ಅಯೋನೆ ಟೆಟಿಯೋಟ ಎಂಬಾತನ ಸುದ್ದಿ ಅದು. ಸಮುದ್ರ ಏರುತ್ತಿದೆ, ಬಾವಿಯ ನೀರು ಉಪ್ಪಾಗಿದೆ, ನನ್ನನ್ನು ನಿರಾಶ್ರಿತನೆಂದು ಪರಿಗಣಿಸಿ ಎಂದು ನ್ಯೂಜಿಲೆಂಡ್‌ನಲ್ಲಿ ಕೇಳಿಕೊಂಡಿದ್ದ. ಅಲ್ಲಿನ ನ್ಯಾಯಾಲಯಗಳು ಒಪ್ಪಲಿಲ್ಲ, ವಾಪಸ್ ಕಳಿಸಿದರು. 2020ರ ಜನವರಿಯಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಯೂ ಅವನ ಅರ್ಜಿಯನ್ನು ಒಪ್ಪಲಿಲ್ಲ. ಆದರೆ ಹವಾಮಾನದಿಂದ ಜೀವಕ್ಕೇ ಅಪಾಯವಿರುವ ಕಡೆಗೆ ಜನರನ್ನು ಹಿಂದೆ ಕಳಿಸುವುದು ಮುಂದೊಂದು ದಿನ ಹಕ್ಕಿನ ಉಲ್ಲಂಘನೆ ಆಗಬಹುದು ಎಂದಿತು. 1951ರ ನಿರಾಶ್ರಿತರ ಒಪ್ಪಂದದಲ್ಲಿ ಜನಾಂಗ, ಧರ್ಮ, ರಾಜಕೀಯ ಅಭಿಪ್ರಾಯದಂಥ ಕಾರಣಗಳಿಗಾಗಿ ಕಿರುಕುಳಕ್ಕೆ ಅಂಜಿ ಓಡಿಬಂದವರಿಗಷ್ಟೇ ಜಾಗ, ಉಕ್ಕುವ ಕಡಲಿಗೆ ಇಲ್ಲ.

ಕಿರಿಬಾಸ್ ಪಕ್ಕದ ತುವಾಲು ದೇಶದ ಆಗಿನ ವಿದೇಶಾಂಗ ಸಚಿವ ಸೈಮನ್ ಕೋಫೆ 2021ರಲ್ಲಿ ಸೂಟು ಹಾಕಿಕೊಂಡು ಮೊಣಕಾಲುದ್ದ ಸಮುದ್ರದಲ್ಲಿ ನಿಂತು ಭಾಷಣ ಮಾಡಿದ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು, ನಮ್ಮಲ್ಲೂ ಬಂತು. ನನಗೆ ಅದಕ್ಕಿಂತ ಆಮೇಲಿನ ಒಂದು ಸಣ್ಣ ಸುದ್ದಿ ಮನಸ್ಸಿನಲ್ಲಿ ಉಳಿದಿದೆ. ಆಸ್ಟ್ರೇಲಿಯಾ ಒಂದು ಒಪ್ಪಂದ ಮಾಡಿಕೊಂಡು, ತುವಾಲುವಿನ ಸುಮಾರು 11,000 ಜನರಲ್ಲಿ ವರ್ಷಕ್ಕೆ 280 ಮಂದಿಗೆ ಬಂದು ನೆಲೆಸಲು ಅವಕಾಶ ಎಂದಿತು. ಯಾರು ಎಂಬುದು ಲಾಟರಿಯಲ್ಲಿ. 2025ರಲ್ಲಿ ಅದು ಮೊದಲ ಸಲ ತೆರೆದಾಗ ದೇಶದ ಮೂರನೇ ಒಂದಕ್ಕಿಂತ ಹೆಚ್ಚು ಜನ ಹೆಸರು ಕೊಟ್ಟರು. ಒಂದು ಮನೆಯಲ್ಲಿ ಅಣ್ಣನ ಹೆಸರು ಬಂದು ತಂಗಿಯ ಹೆಸರು ಬರದಿದ್ದರೆ ಆ ರಾತ್ರಿ ಊಟಕ್ಕೆ ಕೂತಾಗ ಏನು ಮಾತಾಡಿಕೊಂಡರು? ನನಗೆ ಓದಬೇಕಿದ್ದ ವರದಿ ಅದು. ಪನಾಮಾದಲ್ಲಿ ಗುನಾ ಜನರ ಗಾರ್ಡಿ ಸುಗ್ದುಬ್ ದ್ವೀಪದಿಂದ 2024ರ ಜೂನ್‌ನಲ್ಲಿ ಸುಮಾರು 300 ಕುಟುಂಬಗಳು ದೋಣಿಯಲ್ಲಿ ಸಾಮಾನು ಹೇರಿಕೊಂಡು ದಡದ ಹೊಸ ಮನೆಗಳಿಗೆ ಬಂದಾಗಲೂ ಹಾಗೇ ಅನಿಸಿತ್ತು. ಸಮುದ್ರದ ಮಧ್ಯೆ ಹುಟ್ಟಿ ಬೆಳೆದವರು ಸಾಲುಮನೆಯಲ್ಲಿ ಮಲಗಿದ ಮೊದಲ ರಾತ್ರಿ ನಿದ್ದೆ ಬಂತೇ?

ನಾನು "ನೀವು ನಿರಾಶ್ರಿತರು ಅನ್ಸುತ್ತಾ?" ಎಂದು ಆ ಅಕ್ಕನನ್ನು ಕೇಳಲಿಲ್ಲ. ಕೇಳುವಷ್ಟರಲ್ಲಿ ಅವರೇ ಹೇಳಿದರು: "ನಾವೇನ್ ಮನಿ ಮಠ ಇಲ್ದವ್ರಲ್ರಿ. ಆಸರೆ ಮನಿ ಅದ. ಕೀಲಿ ಹಾಕಿ ಬಂದೀವ್ರಿ. ಗುಳೇ ಬಂದೀವಿ, ಅಷ್ಟ." ಕೊರಳಲ್ಲಿ ಕರಿಮಣಿಯ ಜೊತೆಗೆ ಒಂದು ಪಿನ್ನಿಗೆ ಸಿಕ್ಕಿಸಿದ್ದ ಕೀಲಿಕೈ ಎತ್ತಿ ತೋರಿಸಿದರು. ತುಕ್ಕು ಬರದಿರಲಿ ಎಂದು ಕೊಬ್ಬರಿ ಎಣ್ಣೆ ಸವರಿದ್ದರಂತೆ, ಅದರ ಕಲೆ ಕುಪ್ಪಸದ ಮೇಲೆ ಕಾಣುತ್ತಿತ್ತು.

ಗುಳೆ. ನಮ್ಮ ಭಾಷೆಯಲ್ಲಿ ಈ ಪದ ಆಗಲೇ ಇತ್ತು. ಗುಳೆ ಹೋದವರು ತಿರುಗಿ ಬರುತ್ತಾರೆ ಎಂಬ ನಂಬಿಕೆಯೂ ಅದರೊಳಗಿದೆ. ಬರದ ವರ್ಷ ಹೋಗಿ, ಮಳೆಯಾದರೆ ಬಂದು ಬಿತ್ತುವುದು. ಈಗ ಕೆಟ್ಟಿರುವುದು ಆ ತಿರುಗಿ ಬರುವ ದಾರಿ. ನಾಲ್ಕು ವರ್ಷಕ್ಕೊಮ್ಮೆ ಬರುತ್ತಿದ್ದ ಬರ ಎರಡು ವರ್ಷಕ್ಕೊಮ್ಮೆ ಬಂದು, ನಡುವಿನ ವರ್ಷ ಹೊಳೆ ಬಂದರೆ ಸಾಲ ತೀರಿಸಿ ತಿರುಗುವುದು ಯಾವಾಗ? ವಿಶ್ವದಲ್ಲಿ 2024ರಲ್ಲಿ ವಿಪತ್ತುಗಳಿಂದಾಗಿ ತಮ್ಮ ದೇಶದೊಳಗೇ 4.58 ಕೋಟಿ ಸ್ಥಳಾಂತರಗಳಾದವು ಎಂದು ಜಿನೀವಾದ ಐಡಿಎಂಸಿ ಸಂಸ್ಥೆ ಎಣಿಸಿದೆ. ಒಬ್ಬರೇ ಮೂರು ಸಲ ಮನೆ ಬಿಟ್ಟರೆ ಅದು ಮೂರು ಎಂದು ಲೆಕ್ಕ. ಆದರೆ ಹದಿನೈದು ವರ್ಷಗಳಲ್ಲಿ ನಿಧಾನವಾಗಿ ಒಣಗಿದ ಊರಿನಿಂದ, ಒಂದು ಬೆಳಿಗ್ಗೆ ಕೀಲಿ ಹಾಕಿ, ಕೆಎಸ್‌ಆರ್‌ಟಿಸಿ ಬಸ್ಸು ಹತ್ತಿದವರು ಇಂಥ ಲೆಕ್ಕಗಳಿಗೆ ಬಹುಪಾಲು ಸಿಗುವುದೇ ಇಲ್ಲ.

ಎದ್ದು ಹೊರಡುವಾಗ ನನ್ನ ಚೀಲದಲ್ಲಿದ್ದ ಅವತ್ತಿನ ಪತ್ರಿಕೆ ಕೇಳಿದರು, ಕೂಸಿನ ಕೆಳಗೆ ಹಾಸಲು. ಮುಖಪುಟದಲ್ಲಿ ಬರ ಪರಿಹಾರಕ್ಕೆ ಕೇಂದ್ರದಿಂದ 3,454 ಕೋಟಿ ರೂಪಾಯಿ ಎಂಬ ಸುದ್ದಿ. ರಾಜ್ಯ ಕೇಳಿದ್ದು 18,171 ಕೋಟಿ. ಅವರಿಗೆ ಓದಿ ಹೇಳಿದೆ. "ನಮ್ಮ ಹೊಲಕ್ಕ ಎಷ್ಟ ಬರ್ತದ್ರಿ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಮೇ 7ಕ್ಕೆ ಅವರ ಕಡೆ ಮತದಾನ. ಓಟಿಗೆ ಹೋಗ್ತೀರಾ ಎಂದೆ. ಹೋಗಿ ಬರಲು ಎರಡು ದಿನದ ಕೂಲಿ ಹೋಗುತ್ತದೆ, ಆದರೂ ಗಂಡ ಮಗ ಹೋಗುತ್ತಾರೆ, ಮನೆಯೂ ನೋಡಿದಂತಾಗುತ್ತದೆ ಎಂದರು.

ಆ ರಾತ್ರಿ ನಾನು ಬರೆದದ್ದು ಮುನ್ನೂರೈವತ್ತು ಪದ. ಪ್ರಕಟವಾದದ್ದರಲ್ಲಿ ಆ ಅಕ್ಕ ಎರಡು ಸಾಲು, ಮಘೆ ಮಳೆ ಇಲ್ಲ, ಕೀಲಿಕೈ ಇಲ್ಲ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದರು, ಮೇಸ್ತ್ರಿಗೆ ಗೊತ್ತಾದರೆ ಕಷ್ಟ ಎಂದು. ಅದನ್ನು ಇಲ್ಲೂ ಪಾಲಿಸಿದ್ದೇನೆ.

ನೀರು ಇಳಿದ ಮೇಲೆ, ಸೆಕೆ ಕಡಿಮೆಯಾದ ಮೇಲೆ ವರದಿಗಾರರು ಹಿಂತಿರುಗಿ ಹೋಗುವುದಿಲ್ಲ ಎಂಬ ದೂರು ಕೊಡಗಿನಲ್ಲಿ ಕೇಳಿದ್ದೇನೆ, 2018ರ ಭೂಕುಸಿತದ ನಂತರ. ನಿಜವಾದ ದೂರು. ಗುಡ್ಡ ಬಿದ್ದ ದಿನ ಹತ್ತು ಕ್ಯಾಮೆರಾ ಇರುತ್ತವೆ, ಬಾಡಿಗೆ ಮನೆಯ ಸಹಾಯಧನ ನಿಂತ ತಿಂಗಳು ಒಂದೂ ಇರುವುದಿಲ್ಲ. ಹಾಗಾಗಿ ಜೂನ್ ಕೊನೆಗೆ ಹೆಣ್ಣೂರಿಗೆ ಮತ್ತೆ ಹೋದೆ. ಶೆಡ್ಡುಗಳು ಇದ್ದವು, ಜನ ಬೇರೆ. ಯಾದಗಿರಿಯವರು ಮಿರ್ಗ ಮಳೆ ಬಿದ್ದದ್ದೇ ಊರಿಗೆ ಹೋದರು ಎಂದರು. ಮಗನ ಫೋನ್ ನಂಬರು ನನ್ನಲ್ಲಿತ್ತು.

ಸೆಪ್ಟೆಂಬರ್ ಮೊದಲ ವಾರ ಕಲ್ಯಾಣ ಕರ್ನಾಟಕದಲ್ಲಿ ವಿಪರೀತ ಮಳೆ ಎಂದು ಡೆಸ್ಕಿಗೆ ಸುದ್ದಿ ಬಂದಾಗ ಫೋನ್ ಮಾಡಿದೆ. ಮಗ ಎತ್ತಿ ತಾಯಿಗೆ ಕೊಟ್ಟ. ಹಿಂದೆ ಕೂಸು ಅಳುತ್ತಿತ್ತು, ಈ ಸಲ ಜೋರಾಗಿ. ಹುಬ್ಬಿ ಮಳೆ ಹಿಡಿದು ನಾಲ್ಕು ದಿನವಾಗಿದೆ, ಹೊಲಕ್ಕೆ ಕಾಲಿಡಲು ಆಗುತ್ತಿಲ್ಲ ಎಂದರು. ಬಿಡಿಸಬೇಕಿದ್ದ ಹೆಸರು ಗಿಡದಲ್ಲೇ ಮೊಳಕೆ ಒಡೆದಿದೆ. ತೊಗರಿ ಇನ್ನೂ ನಿಂತಿದೆ, ನೀರು ಬಸಿದು ಹೋದರೆ ಉಳಿದೀತು.

"ಅಲ್ಲಿ ನೀರಿಂದು ಈಗ ಹೆಂಗದ್ರಿ?" ಎಂದು ಕೇಳಿದರು.

ಇಲ್ಲೂ ಮಳೆಯಾಗಿದೆ, ಟ್ಯಾಂಕರ್ ಸಲೀಸಾಗಿ ಬರುತ್ತಿದೆ, ಕಾವೇರಿ ಐದನೇ ಹಂತದ ನೀರೂ ಇನ್ನೇನು ಬರಲಿದೆ ಎನ್ನುತ್ತಿದ್ದಾರೆ ಎಂದೆ.

"ಹಂಗಾದ್ರ ದಸರಾ ಮಾಡ್ಕೊಂಡು ಬರ್ತೀವ್ರಿ" ಎಂದರು.